ಬದರುನ್ನೀಸಾಳ ಕೊನೆಯ ಬೋರ್ಡು

ಯಶವಂತಪುರದ ಆ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ಬೆಸುಗೆ ಕೆಟ್ಟ ಬೋರ್ಡು ಟೆಸ್ಟಿಂಗ್ ಮೇಜಿನಿಂದ ವಾಪಸು ಬಂದರೆ, ಅದನ್ನು ಮಾಡಿದವಳ ತಲೆಯ ಮೇಲೆ ಗೋಡೆಯಲ್ಲಿದ್ದ ಮೊಳೆಗೆ ನೇತುಹಾಕುತ್ತಿದ್ದರು. ಸಂಜೆ ಗಂಟೆ ಹೊಡೆಯುವವರೆಗೆ ಅದು ಅಲ್ಲೇ ಇರಬೇಕು. ಯಾರೂ ಬೈಯುತ್ತಿರಲಿಲ್ಲ. ಫ್ಯಾನಿನ ಗಾಳಿಗೆ ಬೋರ್ಡು ಗೋಡೆಗೆ ತಾಗಿ ಟಕ್, ಟಕ್ ಎನ್ನುತ್ತಿತ್ತು, ಅಷ್ಟೇ. ಸಾಲಿನಲ್ಲಿ ಕೂತ ಹೆಂಗಸರೆಲ್ಲ ತಲೆಯೆತ್ತದೆ ಆ ಸದ್ದು ಕೇಳಿಸಿಕೊಳ್ಳುತ್ತಿದ್ದರು.

ಬದರುನ್ನೀಸಾಳ ಮೊಳೆಗೆ ಹದಿನಾಲ್ಕು ವರ್ಷಗಳಲ್ಲಿ ನಾಲ್ಕು ಸಲ ಬೋರ್ಡು ಬಿದ್ದಿತ್ತು. ನಾಲ್ಕೂ ದಿನ ಅವಳಿಗೆ ನೆನಪಿದ್ದವು. ಒಂದು, ಈಗ ಗಂಡನ ಮನೆಯಲ್ಲಿರುವ ಮಗಳು ಅಮೀನಾ ಟೈಫಾಯಿಡ್ ಬಂದು ಮಲಗಿದ್ದ ವಾರ. ಇನ್ನೊಂದು, ರಂಜಾನಿನ ಇಪ್ಪತ್ತೇಳನೆಯ ಉಪವಾಸದ ದಿನ. ಉಳಿದ ಎರಡಕ್ಕೆ ಯಾವ ಕಾರಣವೂ ಇರಲಿಲ್ಲ. ಅವೇ ಅವಳನ್ನು ಹೆಚ್ಚು ಕಾಡುತ್ತಿದ್ದವು.

ಅವಳು ಅಲ್ಲಿಗೆ ಸೇರಿದ್ದು ಎಪ್ಪತ್ತೆರಡರಲ್ಲಿ. ಆಗ ಅಲ್ಲಿ ಟ್ರಾನ್ಸಿಸ್ಟರ್ ರೇಡಿಯೊ ಮಾಡುತ್ತಿದ್ದರು. ಗಂಡ ದಸ್ತಗೀರ್ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಹಸುಗಳ ಮೇವು ನೋಡಿಕೊಳ್ಳುವ ಕೆಲಸದಲ್ಲಿದ್ದ. ಆರ್.ಟಿ. ನಗರದ ಹಿಂದಿನ ಓಣಿಯಲ್ಲಿ ಅವರದು ಎರಡು ಕೋಣೆಯ ಹೆಂಚಿನ ಮನೆ. ಬೆಳಿಗ್ಗೆ ಅವನು ಸೈಕಲ್ಲಿನಲ್ಲಿ ಒಂದು ಕಡೆ, ಅವಳು ಬಸ್ಸಿನಲ್ಲಿ ಇನ್ನೊಂದು ಕಡೆ. ಸಂಜೆ ಇಬ್ಬರ ಮೈಯಿಂದಲೂ ತಮ್ಮ ತಮ್ಮ ಕೆಲಸದ ವಾಸನೆ ಬರುತ್ತಿತ್ತು. ಅವನದು ಹಸಿ ಹುಲ್ಲು ಮತ್ತು ಸಗಣಿ. ಅವಳದು ಬೆಸುಗೆಯಲ್ಲಿ ಸುಟ್ಟ ರಾಳ.

ಎಂಬತ್ತೆರಡರಲ್ಲಿ ರೇಡಿಯೊ ನಿಂತಿತು. ಅದರ ಬದಲು ಎಂಜಿನಿಯರಿಂಗ್ ಕಾಲೇಜುಗಳಿಗೆ ಕಳಿಸುವ ಚಿಕ್ಕ ಕಂಪ್ಯೂಟರು ಬಂತು. ಪೆಟ್ಟಿಗೆಯಿಲ್ಲ, ಪರದೆಯಿಲ್ಲ. ಹಸಿರು ಬಣ್ಣದ ಒಂದೇ ಒಂದು ಬೋರ್ಡು. ಪಂಚಾಂಗದ ಪುಸ್ತಕವನ್ನು ಬಿಚ್ಚಿ ಹರವಿದಷ್ಟು ಅಗಲ. ಅದರ ಮೇಲೇ ಒತ್ತುವ ಗುಂಡಿಗಳು, ಅದರ ಮೇಲೇ ಕೆಂಪಾಗಿ ಉರಿಯುವ ಆರು ಅಂಕಿಗಳು, ಸಾಲುಸಾಲಾಗಿ ಜರಿಹುಳುವಿನಂತೆ ಕಾಲು ಬಿಟ್ಟುಕೊಂಡು ಕೂತ ಐಸಿ ಚಿಪ್ಪುಗಳು. ಒಂದು ಬೋರ್ಡಿಗೆ ಆರುನೂರಕ್ಕೂ ಹೆಚ್ಚು ಬೆಸುಗೆ. ಬದರುನ್ನೀಸಾ ಅಂಥವು ಸಾವಿರಾರು ಮಾಡಿ ಕಳಿಸಿದಳು. ಒಂದೂ ಬೆಳಗಿದ್ದನ್ನು ನೋಡಿರಲಿಲ್ಲ. ಟೆಸ್ಟಿಂಗ್ ಮೇಜು ಗಾಜಿನ ಗೋಡೆಯಾಚೆ ಇತ್ತು. ಅಲ್ಲಿಂದ ಬೋರ್ಡು ವಾಪಸು ಬರದಿದ್ದರೆ ಅದು ಬೆಳಗಿತು ಎಂದು ಅರ್ಥ.

ಆ ಮೇಜಿನಲ್ಲಿ ಕೂರುತ್ತಿದ್ದವನು ಪಂಚಪ್ಪ, ಗದಗದ ಕಡೆಯವನು, ಐಟಿಐ ಓದಿದವನು. ಅವನ ಹೆಂಡತಿ ನಿಂಗವ್ವ ಬೆಸುಗೆಯ ಸಾಲಿನಲ್ಲಿ ಬದರುನ್ನೀಸಾಳ ಎಡಕ್ಕೆ ಕೂರುತ್ತಿದ್ದಳು. ತಪ್ಪು ಮಾಡಿದ್ದರೆ ಹೆಂಡತಿಯ ಬೋರ್ಡನ್ನೂ ಪಂಚಪ್ಪನೇ ತಂದು ಮೊಳೆಗೆ ಹಾಕುತ್ತಿದ್ದ. ಆ ದಿನ ನಿಂಗವ್ವ ಡಬ್ಬಿಯಲ್ಲಿನ ರೊಟ್ಟಿಯನ್ನೆಲ್ಲ ಬದರುನ್ನೀಸಾಳ ಕಡೆ ದೂಡಿ, "ನೀನ ತಿನ್ನವ್ವಾ, ಅವಗ ಇವತ್ತು ಉಪಾಸ" ಎನ್ನುತ್ತಿದ್ದಳು.

ಬದರುನ್ನೀಸಾಳ ಕಣ್ಣಿಗೆ ಏನೋ ಆಗುತ್ತಿದೆ ಎಂದು ಮೊದಲು ತಿಳಿದದ್ದು ನಿಂಗವ್ವನಿಗೆ. ಎಂಬತ್ನಾಲ್ಕರ ಬೇಸಿಗೆಯಲ್ಲಿ ಒಂದು ದಿನ ಅವಳು ಎಡಗಡೆಯಿಂದ ಕಡಲೆಬೀಜ ಹಿಡಿದ ಕೈ ಚಾಚಿ ಕೂತೇ ಇದ್ದಳು. ಬದರುನ್ನೀಸಾ ನೋಡಲೇ ಇಲ್ಲ.

"ಸಿಟ್ಟೇನ ಬದ್ರೂ?"

"ಯಾಕಕ್ಕಾ?"

"ಆಗಿಂದ ಕೈ ಚಾಚೀನಲ್ಲ, ಕಾಣವಲ್ದೇನ?"

ಕಾಣುತ್ತಿರಲಿಲ್ಲ. ನೇರಕ್ಕೆ ನೋಡಿದರೆ ಸೂಜಿಯ ಕಣ್ಣೂ ಕಾಣುತ್ತಿತ್ತು. ಆದರೆ ಬದಿಗಳು ಸದ್ದಿಲ್ಲದೆ ಸರಿದುಹೋಗಿದ್ದವು. ಆಸ್ಪತ್ರೆಯಲ್ಲಿ ಡಾಕ್ಟರು, ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗುತ್ತಿದೆ ಎಂದರು. ಹೋದ ನೋಟ ಮರಳುವುದಿಲ್ಲ, ಉಳಿದದ್ದನ್ನು ಔಷಧ ಹಾಕಿ ಒಂದಷ್ಟು ದಿನ ಹಿಡಿದಿಡಬಹುದು. ಆಗ ಅವಳಿಗೆ ಲೋಕ ಬಳೆಯಷ್ಟು ಅಗಲ ಕಾಣುತ್ತಿತ್ತು. ಎರಡು ವರ್ಷದಲ್ಲಿ ಉಂಗುರದಷ್ಟಾಯಿತು.

ಆ ಎರಡು ವರ್ಷವೂ ಅವಳು ಸಾಲಿನಲ್ಲೇ ಇದ್ದಳು. ಅದು ನಿಂಗವ್ವನಿಂದ ಆದದ್ದು. ಬೆಸುಗೆಯ ಕಾದ ಕಡ್ಡಿಯ ಸ್ಟ್ಯಾಂಡನ್ನು ಬದಿಯಿಂದ ಎತ್ತಿ ಅವಳ ಎದುರಿಗೇ ಇಡುವವಳು ನಿಂಗವ್ವ. ಬಿಡಿಭಾಗಗಳ ತಟ್ಟೆಯನ್ನು ಆ ಉಂಗುರದೊಳಕ್ಕೆ ಸರಿಸುವವಳು ಅವಳು. ಸೂಪರ್‌ವೈಸರು ಬರುತ್ತಿದ್ದರೆ ಮೊಣಕಾಲಿನಿಂದ ಮೊಣಕಾಲಿಗೆ ಒಮ್ಮೆ ತಾಗಿಸುತ್ತಿದ್ದಳು. ಬಸ್ ಹತ್ತುವಾಗ ಬೆನ್ನಿಗೊಂದು ಕೈ, ಇಳಿಯುವಾಗ ತೋಳಿಗೊಂದು. ಈ ಬಗ್ಗೆ ಅವರು ಮಾತಾಡಿಕೊಂಡಿದ್ದೇ ಇಲ್ಲ. ಆ ಎರಡು ವರ್ಷದಲ್ಲಿ ಬದರುನ್ನೀಸಾಳ ಮೊಳೆಗೆ ಒಂದು ಬೋರ್ಡೂ ಬೀಳಲಿಲ್ಲ.

ಎಂಬತ್ತಾರರ ಜನವರಿಯಲ್ಲಿ ನಿಂಗವ್ವ ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದಾಗ ಕಾರ್ಖಾನೆಯ ಯಜಮಾನರು ಬದರುನ್ನೀಸಾಳ ಬಲಕ್ಕೆ ಬಂದು ನಿಂತರು. ಕೈಯಲ್ಲಿದ್ದ ಹಾಳೆ ಅವಳತ್ತ ಚಾಚಿದರು. ಅವಳು ಬೆಸುಗೆ ಹಾಕುತ್ತಲೇ ಇದ್ದಳು. ಅವರು ಹಾಳೆಯನ್ನು ಮೆಲ್ಲಗೆ ಆಡಿಸಿದರು. ಸಾಲಿನ ಹೆಂಗಸರ ಕೈಗಳೆಲ್ಲ ನಿಂತವು; ಅವಳದೊಂದು ನಿಲ್ಲಲಿಲ್ಲ.

"ಬದರುನ್ನೀಸಮ್ಮ, ಎಷ್ಟು ದಿನದಿಂದ?"

ಅವಳಿಗೆ ಅರ್ಥವಾಯಿತು. "ಎರಡು ವರ್ಷ ಸಾರ್."

ಅವರು ಕೆಟ್ಟವರಲ್ಲ. ಕಾದ ಕಡ್ಡಿ, ಆಸಿಡ್ಡು, ಕರೆಂಟು ಇರುವ ಜಾಗ, ನಾಳೆ ಏನಾದರೂ ಆದರೆ ಎಂದರು. ಅವಳ ಕೈಯಲ್ಲಿದ್ದ ಬೋರ್ಡು ನೋಡಿದರು. ಬೆಸುಗೆಯೆಲ್ಲ ಮುಗಿಯುತ್ತ ಬಂದಿತ್ತು. ಅದು ಚಾಲೂ ಆಗಲು ಬೇಕಾದ ಒಂದು ಐಸಿ ಮಾತ್ರ ಆ ತಿಂಗಳು ಸ್ಟಾಕಿನಲ್ಲಿರಲಿಲ್ಲ. "ಇದನ್ನ ಮುಗಿಸಿ. ಮುಗಿಸಿ ನೀವೇ ಇಟ್ಕೊಳ್ಳಿ ಅಮ್ಮ," ಎಂದರು.

ಹೀಗೆ ಅವಳ ಕೊನೆಯ ಬೋರ್ಡು ಟೆಸ್ಟಿಂಗ್ ಮೇಜಿಗೆ ಹೋಗದೆ ಮನೆಗೆ ಬಂತು.

ಅದನ್ನು ಅವಳು ಹಳೆಯ ದುಪಟ್ಟಾದಲ್ಲಿ ಸುತ್ತಿ ಟ್ರಂಕಿನ ಮೇಲಿಟ್ಟಳು. ದಿನಕ್ಕೆ ನಾಲ್ಕು ಸಲ ಬಿಚ್ಚಿ, ಹಿಂಬದಿ ತಿರುಗಿಸಿ, ಬೆಸುಗೆಗಳ ಮೇಲೆ ಬೆರಳಾಡಿಸುತ್ತಿದ್ದಳು. ಒಂದೊಂದೂ ನುಣುಪಾಗಿತ್ತು. ಆದರೆ ನುಣುಪನ್ನು ನಂಬುವಂತಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಮೇಲೆ ಮುತ್ತಿನಂತೆ ಕಂಡು ಒಳಗೆ ಹಿಡಿಯದೇ ಇರುವ ಬೆಸುಗೆಯುಂಟು. ಅದಕ್ಕೆ ಡ್ರೈ ಸಾಲ್ಡರ್ ಅನ್ನುತ್ತಾರೆ. ಕರೆಂಟು ಹರಿಸಿ ನೋಡಿದಾಗಲೇ ಅದು ಗೊತ್ತಾಗುವುದು. ಉಂಗುರದಷ್ಟು ಕಣ್ಣಿನಲ್ಲಿ ಹಾಕಿದ ಬೆಸುಗೆ ಹಿಡಿದಿದೆಯೋ ಇಲ್ಲವೋ? ಮನೆಯಲ್ಲಿ ಕೂತ ಮೇಲೆ ಅವಳಿಗೆ ಉಳಿದಿದ್ದ ಪ್ರಶ್ನೆ ಅದೊಂದೇ. ಕಣ್ಣು ಪೂರ್ತಿ ಮುಚ್ಚುವುದರೊಳಗೆ, ತಾನು ಮಾಡಿದ ಒಂದು ಬೋರ್ಡು ಬೆಳಗುವುದನ್ನು ನೋಡಬೇಕು. ಅದೂ ಈ ಬೋರ್ಡೇ ಆಗಬೇಕು.

ಊರಿಂದ ಬಂದ ನಿಂಗವ್ವ ಸುದ್ದಿ ಕೇಳಿ ಎದೆ ಬಡಿದುಕೊಂಡಳು. "ನಾ ಇದ್ದಿದ್ರ ಹಿಂಗಾಗ್ತಿದ್ದಿಲ್ಲ." ಮುಂದಿನ ಭಾನುವಾರ ಗಂಡನನ್ನು ಎಳೆದುಕೊಂಡೇ ಬಂದಳು.

ಪಂಚಪ್ಪ ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದ. "ಐಸಿ ಬಂದ ಕೂಡ್ಲೆ ಒಂದು ತರ್ತೀನಿ ತಂಗಿ, ಯಜಮಾನ್ರನ್ನ ಕೇಳೇ ತರ್ತೀನಿ. ಆದ್ರ ಇದನ್ನ ಮನ್ಯಾಗ ಹಚ್ಕೊಂಡು ಏನ್ ಮಾಡಾಕಿ?"

"ಏನೇನ್ ಮಾಡತ್ತೆ ಇದು? ಹದಿನಾಲ್ಕು ವರ್ಷ ಅಲ್ಲಿದ್ದೆ, ಅದೇ ಗೊತ್ತಿಲ್ವಲ್ಲ ಅಣ್ಣಾ."

"ಹೇಳಿದ್ದು ಮಾಡ್ತೈತಿ. ಹೇಳಾಕ ಬರಬೇಕು, ಅಷ್ಟ."

"ಅದು ನನ್ನಂಥದೇ ಅನ್ನು," ಎಂದ ದಸ್ತಗೀರ್, ಬಾಗಿಲಲ್ಲಿ ಕೂತು ಬೀಡಿ ಹಚ್ಚುತ್ತ.

ಪಂಚಪ್ಪನಿಗೆ ಒಂದು ಉಪಾಯ ಹೊಳೆಯಿತು. ಇದನ್ನು ಗಡಿಯಾರ ಮಾಡಬಹುದು. ಅಂಕಿಗಳಲ್ಲಿ ವೇಳೆ ಕಾಣಿಸುತ್ತದೆ. ಜೊತೆಗೆ ಚಿಕ್ಕದೊಂದು ಬಜರು ಕೂರಿಸಿದರೆ ಗಂಟೆ ಎಷ್ಟೋ ಅಷ್ಟು ಸಲ ಕೂಗುತ್ತದೆ. ಗೋಡೆಯ ಗಡಿಯಾರ ಕಾಣದ ದಿನ ಬಂದಾಗ ಇದು ಕೇಳಿಸುತ್ತದೆ. ಕೊನೆಯ ಮಾತನ್ನು ಅವನು ಹೇಳಲಿಲ್ಲ. ಎಲ್ಲರಿಗೂ ತಿಳಿಯಿತು.

"ಮಸೀದಿ ಬಾಂಗ್ ಐದು ಸಲ ಕೇಳತ್ತೆ, ಯಶವಂತಪುರದ ರೈಲು ಹತ್ತು ಸಲ ಕೂಗತ್ತೆ. ಈಗ ಇದೂ ಒಂದು," ಎಂದ ದಸ್ತಗೀರ್. ಆದರೆ ಮರುದಿನವೇ ಕಾಲೇಜಿನ ಬಡಗಿಯ ಹತ್ತಿರ ಹೋಗಿ, ಅಂಚು ಉಜ್ಜಿ ನಯ ಮಾಡಿದ ಒಂದು ಹಲಗೆ ಮಾಡಿಸಿಕೊಂಡು ಬಂದ.

ಆ ಹಲಗೆಯ ಮೇಲೆ ಕಂಪ್ಯೂಟರು ಮೆಲ್ಲಗೆ ಕಟ್ಟಿಕೊಂಡಿತು. ಪಂಚಪ್ಪ ಒಂದು ಭಾನುವಾರ ಟ್ರಾನ್ಸ್‌ಫಾರ್ಮರು ತಂದು ತಿರುಪು ಹಾಕಿದ. ಇನ್ನೊಂದು ಭಾನುವಾರ ಹನ್ನೆರಡು ವೋಲ್ಟು, ಐದು ವೋಲ್ಟು ಕೊಡುವ ಭಾಗವನ್ನು ಬೋರ್ಡಿನ ಪಕ್ಕಕ್ಕೇ ಕೂರಿಸಿದ. ಬಜರಿನ ಎರಡು ತಂತಿಗೆ ಬೆಸುಗೆ ಹಾಕಿದ್ದು ಬದರುನ್ನೀಸಾಳೇ. ಕಡ್ಡಿಯ ಬಿಸಿ ಕೆನ್ನೆಗೆ ಎಷ್ಟು ತಾಗುತ್ತದೆ, ಸೀಸ ಕರಗಿದ ಸದ್ದು ಯಾವುದು, ರಾಳದ ಹೊಗೆ ಯಾವಾಗ ಸಿಹಿಯಾಗುತ್ತದೆ ಎಂಬುದನ್ನೆಲ್ಲ ಅವಳ ದೇಹ ಬಲ್ಲದು.

ಗಡಿಯಾರ ಆಗಲು ಅದಕ್ಕೆ ತೊಂಬತ್ತಾರು ಜೋಡಿ ಅಂಕಿ-ಅಕ್ಷರಗಳನ್ನು ಒಂದೊಂದಾಗಿ ಒತ್ತಿ ಹೇಳಬೇಕಿತ್ತು. ಕರೆಂಟು ಹೋದರೆ ಎಲ್ಲ ಮರೆತುಬಿಡುತ್ತದೆ, ಮತ್ತೆ ಮೊದಲಿಂದ. ಬೇಸಿಗೆ ಬರುತ್ತಿತ್ತು, ಕರೆಂಟು ದಿನವೂ ಹೋಗುತ್ತಿತ್ತು. ಪಂಚಪ್ಪ ಅವನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದುಕೊಟ್ಟ. ಅವಳು ಅದನ್ನು ಉಂಗುರದಷ್ಟು ಉಂಗುರದಷ್ಟು ಓದಿ ಬಾಯಿಪಾಠ ಮಾಡತೊಡಗಿದಳು. ಹಾಳೆಯಲ್ಲಿ 3E, 00, 32 ಎಂದಿದ್ದರೆ ಅವಳ ಬಾಯಲ್ಲಿ ತೀನ್ ಈ, ಸಿಫರ್ ಸಿಫರ್, ತೀನ್ ದೋ. ಚಿಕ್ಕವಳಿದ್ದಾಗ ಮದರಸಾದಲ್ಲಿ ಅರಬಿಯ ಸೂರಾಗಳನ್ನು ಕಲಿತದ್ದೂ ಹೀಗೆಯೇ, ಮೈ ಹಿಂದೆ ಮುಂದೆ ತೂಗುತ್ತ, ಅರ್ಥ ತಿಳಿಯದೆ, ಒಂದು ಸ್ವರವೂ ತಪ್ಪದೆ. ಜೀವವಿಲ್ಲದ ಬೋರ್ಡಿನ ಗುಂಡಿಗಳನ್ನು ಒತ್ತುತ್ತ ಅವಳು ದಿನಕ್ಕೆ ಮೂರು ಸಲ ಪೂರ್ತಿ ಹೇಳಿಕೊಳ್ಳುತ್ತಿದ್ದಳು. ಒಂದು ತಿಂಗಳಲ್ಲಿ ಹಾಳೆ ಬೇಡವಾಯಿತು. ಅಷ್ಟರಲ್ಲಿ ಉಂಗುರವೂ ಬಟಾಣಿಯಷ್ಟಾಗಿತ್ತು.

ಏಪ್ರಿಲ್ಲಿನ ಎರಡನೆಯ ಭಾನುವಾರ ಪಂಚಪ್ಪ ಐಸಿಯನ್ನು ಬೆಂಕಿಪೊಟ್ಟಣದಲ್ಲಿ ಹತ್ತಿಯ ನಡುವೆ ಇಟ್ಟುಕೊಂಡು ಬಂದ. ಹೊಸ ಸೀರೆಯುಟ್ಟು, ಕೈಚೀಲ ಹಿಡಿದು ನಿಂಗವ್ವ ಬಂದಳು. ಪಂಚಪ್ಪ ಐಸಿಯ ಕಾಲುಗಳನ್ನು ನೇರ ಮಾಡಿ ಅದರ ಜಾಗದಲ್ಲಿದ್ದ ಸಾಕೆಟ್ಟಿಗೆ ಒತ್ತಿ ಕೂರಿಸಿ, "ಆತು" ಎಂದು ಎದ್ದ. ದಸ್ತಗೀರ್ ಸ್ವಿಚ್ಚು ಹಾಕಿದ. ಏನೂ ಆಗಲಿಲ್ಲ. ತಲೆಯ ಮೇಲಿನ ಬಲ್ಬೂ ಉರಿಯುತ್ತಿರಲಿಲ್ಲ.

"ಕರೆಂಟೇ ಇಲ್ಲ ಭಾಯ್," ಎಂದು ದಸ್ತಗೀರ್ ನಕ್ಕ. "ಬನ್ನಿ, ಅದು ಬರೋ ಹೊತ್ತಿಗೆ ಸರ್ಕಲ್ಲಿಂದ ಬಿಸ್ಕತ್ತು ತರೋಣ."

ಗಂಡಸರಿಬ್ಬರೂ ಹೋದರು. ಬದರುನ್ನೀಸಾ ಒಳಗೆ ಸೀಮೆಎಣ್ಣೆ ಸ್ಟವ್ ಹಚ್ಚಿ ಚಹಾಕ್ಕೆ ನೀರಿಟ್ಟಳು.

ಕಾರ್ಖಾನೆಯಲ್ಲಿ ಪ್ರತಿ ವರ್ಷ ಆಯುಧಪೂಜೆಯ ದಿನ ಆರತಿ ಹಿಡಿಯುತ್ತಿದ್ದವಳು ನಿಂಗವ್ವ. ಮಡಚಿಟ್ಟ ರಟ್ಟಿನ ಪೆಟ್ಟಿಗೆಗಳಿಗೆ, ಸ್ಟೂಲುಗಳಿಗೆ, ಆರಿಸಿದ ಕಡ್ಡಿಗಳಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಕಾಯಿಯ ನೀರನ್ನು ಹೂವಿನಿಂದ ಎಲ್ಲದರ ಮೇಲೂ ಚಿಮುಕಿಸುತ್ತಿದ್ದಳು. ಪಂಚಪ್ಪ ಮಾತ್ರ ಹಿಂದಿನ ಸಂಜೆಯೇ ಟೆಸ್ಟಿಂಗ್ ಮೇಜಿಗೆಲ್ಲ ಪ್ಲಾಸ್ಟಿಕ್ ಹಾಳೆ ಹೊದಿಸಿಡುತ್ತಿದ್ದ. ಧೂಳಿಗೆ ಹೊದಿಸುತ್ತಾನೆ ಎಂದು ಅವಳು ತಿಳಿದಿದ್ದಳು. ಬತ್ತಲೆ ಬೋರ್ಡಿಗೆ ಪೂಜೆ ಆದದ್ದೇ ಇಲ್ಲ. ಹಾಗಾಗಿ ಅದು ಕೂಡದು ಎಂದು ಯಾರೂ ಯಾರಿಗೂ ಹೇಳುವ ಸಂದರ್ಭವೂ ಬಂದಿರಲಿಲ್ಲ.

"ಬದ್ರೂ, ಕಾಯಿ ಒಡೀಲೇನ? ಹೊಸಾದು ಹಚ್ಚೂದೈತಿ, ಹಂಗ ಹಚ್ಚಬಾರ್ದು. ನಿಮ್ಮ ಮನ್ಯಾಗ ನಡೀತೈತೇನ?"

"ಒಡಿ ಅಕ್ಕಾ, ಒಡಿ. ನಡೆಯಲ್ಲ ಅಂದ್ರೆ ಬಿಡ್ತೀಯಾ ನೀನು? ಚಟ್ನಿಗಾಯ್ತು."

ಹೊಸ್ತಿಲ ಕಲ್ಲಿನ ಮೇಲೆ ಕಾಯಿ ಒಡೆದ ಸದ್ದು ಕೇಳಿತು. ನಿಂಗವ್ವ ಏನೋ ಹೇಳಿಕೊಳ್ಳುತ್ತಿದ್ದಳು. ಬದರುನ್ನೀಸಾಳ ಹೆಸರು, ದೃಷ್ಟಿ, ಕಣ್ಣು ಎಂಬ ಮಾತುಗಳು ಒಳಗೆ ಕೇಳಿದವು. ತನ್ನ ಕಣ್ಣಿಗೂ ಸೇರಿಸಿ ಬೇಡಿಕೊಳ್ಳುತ್ತಿದ್ದಾಳೆ ಎಂದು ಬದರುನ್ನೀಸಾಳಿಗೆ ತಿಳಿಯಿತು. ಸ್ಟವ್‌ನ ಮುಂದೆ ಕೂತು ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಗಂಡಸರು ಬಿಸ್ಕತ್ತು ಹಿಡಿದು ಓಣಿಯ ತುದಿಯಲ್ಲಿರುವಾಗಲೇ ಬಲ್ಬು ಹೊತ್ತಿಕೊಂಡಿತು. ಓಣಿಯ ಮಕ್ಕಳೆಲ್ಲ ಹೋ ಎಂದು ಕೂಗಿದರು. ಮೊದಲೇ ಹಾಕಿಟ್ಟಿದ್ದ ಸ್ವಿಚ್ಚು ಹಾಗೇ ಇತ್ತು, ಯಾರೂ ಆರಿಸಿರಲಿಲ್ಲ. ಬದರುನ್ನೀಸಾ ಚಹಾದ ಪಾತ್ರೆ ಬಿಟ್ಟು, ಗೋಡೆ ಸವರುತ್ತ ಓಡಿಬಂದಳು.

"ಹತ್ತೇತಿ, ಬದ್ರೂ! ಕೆಂಪಗ, ನೋಡು ಬಾ!" ಎಂದಳು ನಿಂಗವ್ವ.

ಬದರುನ್ನೀಸಾ ಹಲಗೆಯ ಮೇಲೆ ಬಾಗಿ ಅಂಕಿಗಳಿರುವ ಜಾಗವನ್ನು ಕಣ್ಣಿಂದ ಹುಡುಕಿದಳು. ಬಟಾಣಿಯಷ್ಟು ಬೆಳಕಿನೊಳಗೆ ಮೊದಲು ಹಲಗೆಯ ಅಂಚು ಬಂತು, ಆಮೇಲೆ ಗುಂಡಿಗಳು. ಪಟ್ ಎಂದು ಏನೋ ಸಿಡಿಯಿತು. ಅಂಕಿಗಳು ಸಿಕ್ಕಾಗ ಅವು ಕಪ್ಪಗಿದ್ದವು. ಕಮಟು ವಾಸನೆ ಮೂಗಿಗೆ ಬಡಿಯಿತು. ಸುಟ್ಟ ಐಸಿಯ ವಾಸನೆ. ಅದನ್ನು ಯಾರೂ ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಒಳಗೆ ಚಹಾ ಉಕ್ಕಿ ಸ್ಟವ್ ಆರಿತು.

ಪಂಚಪ್ಪ ಚಪ್ಪಲಿಯಲ್ಲೇ ಒಳಕ್ಕೆ ಬಂದು ಸ್ವಿಚ್ಚು ಆರಿಸಿದ. ಬಾಗಿದ. ದೊಡ್ಡ ಐಸಿಯ ಬೆನ್ನಿನ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ಒಂದು ಸೇವಂತಿಗೆ. ಕಾಯಿಯ ನೀರು ಐಸಿಯ ಕಾಲುಗಳ ನಡುವೆ, ಹನ್ನೆರಡು ವೋಲ್ಟಿನ ತಂತಿಯ ಬುಡದಲ್ಲಿ ಹನಿಹನಿಯಾಗಿ ನಿಂತಿತ್ತು. ಅವನು ಹೆಂಡತಿಯ ಕಡೆ ತಿರುಗಿ ಬಾಯಿ ತೆರೆದ.

ಅಷ್ಟರಲ್ಲಿ ಬದರುನ್ನೀಸಾಳ ಬೆರಳು ಆ ತೇವವನ್ನು ಮುಟ್ಟಿತ್ತು. ಅವಳು ಬೆರಳನ್ನು ಹೆಬ್ಬೆರಳಿಗೆ ಉಜ್ಜಿ ನೋಡಿದಳು. ಅಂಟು, ಮಣ್ಣಿನಂತೆ ನುಣ್ಣಗಿನ ಪುಡಿ. ಕೈಯನ್ನು ಮುಷ್ಟಿ ಮಾಡಿ ಸೆರಗಿನೊಳಗೆ ಎಳೆದುಕೊಂಡಳು.

"ನಂದೇ ತಪ್ಪು ಪಂಚಪ್ಪಣ್ಣ," ಎಂದಳು. "ಡ್ರೈ ಸಾಲ್ಡರ್ ಆಗಿರ್ಬೇಕು. ಕಣ್ಣು ಸರಿಯಿರ್ಲಿಲ್ಲ ನೋಡಿ."

ಪಂಚಪ್ಪ ತೆರೆದ ಬಾಯಿ ಮುಚ್ಚಿದ. ಡ್ರೈ ಸಾಲ್ಡರ್ ಆದ ಬೋರ್ಡು ಬೆಳಗುವುದಿಲ್ಲ, ಅಷ್ಟೇ. ಅದು ಹೀಗೆ ಸುಡುವುದಿಲ್ಲ. ಅವನಿಗೂ ಗೊತ್ತು, ಅವಳಿಗೂ ಗೊತ್ತು. ನಿಂಗವ್ವ ಬೆಸುಗೆಯಾಚೆಗಿನದನ್ನು ಕಲಿತವಳಲ್ಲ.

ಅವಳು ಬದರುನ್ನೀಸಾಳನ್ನು ತಬ್ಬಿಕೊಂಡು ಅತ್ತಳು. "ಹೋಗ್ಲಿ ಬಿಡವ್ವಾ. ಕಣ್ಣಿದ್ದಾಗ ನೀ ಹಂಗ ಮಾಡಾಕಿ ಅಲ್ಲ. ನಾ ಬಾಜೂಕ ಇದ್ದಿದ್ರ ನೋಡಿ ಹೇಳ್ತಿದ್ದೆ. ನಾ ಊರಿಗೆ ಹೋದ ಹೊತ್ತ ಸುಡ್ಲಿ."

"ಇಲ್ಲಕ್ಕಾ. ನಿಂದೇನಿಲ್ಲ."

ಮರುದಿನ ಬೆಳಿಗ್ಗೆ ದಸ್ತಗೀರ್ ಹಲಗೆಯನ್ನು ಎತ್ತಿಡಲು ಹೋಗಿ ನಿಂತ. "ಬದರೂ, ಬೋರ್ಡಿಗೆ ಇರುವೆ ಮುತ್ತಿವೆ," ಎಂದ. ಕಾಯಿಯ ಸಿಹಿನೀರು ಒಣಗಿದ ಜಾಗದಲ್ಲೇ ಅವು ಸಾಲುಗಟ್ಟಿದ್ದನ್ನು ಅವನು ನೋಡಿದ. ಆಮೇಲೆ ಒಂದು ಹರಕು ಬಟ್ಟೆ ತಂದು ಒಂದೊಂದೇ ಸಾಲು ಒರೆಸಿದ.

ನಿಂಗವ್ವನ ಕರುಳು ದೊಡ್ಡದು, ಬಾಯಿಯೂ ದೊಡ್ಡದು. ಬದರುನ್ನೀಸಾಳ ಸಂಕಟವನ್ನು ಅವಳು ಕಾರ್ಖಾನೆಯ ಸಾಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ಅತ್ತಳು. ಮುಂದಿನ ಭಾನುವಾರ ಬಂದು ಅದನ್ನೂ ಹೇಳಿದಳು.

"ಆ ಹೊಸಾ ಹುಡುಗಿ ಬಂದಾಳಲ್ಲ, ಮುನಿಯಲ್ಲಮ್ಮನ ಮಗಳು, ಏನಂದ್ಳು ಗೊತ್ತೇನ? 'ಹಂಗಾದ್ರೆ ಅವ್ರ ಕೊನೇ ಬೋರ್ಡೂ ಮೊಳೆಗೇ ಬಿತ್ತು ಅನ್ನಿ' ಅಂದ್ಳು. ನಾ ಬಿಡ್ತೀನೇನ? ಅಕಿಗೆ ನಾಕು ಮಾತು ಅಂದೇ ಬಂದೆ. ಕಣ್ಣಿಲ್ದಾಕಿ ಮ್ಯಾಲೆ ಹಂಗ ಅಂತಾರೇನು?"

"ಅವಳು ಹೇಳಿದ್ರಲ್ಲಿ ತಪ್ಪೇನಿದೆ ಅಕ್ಕಾ," ಎಂದಳು ಬದರುನ್ನೀಸಾ. ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದ ಅವಳ ಕೈ ತಟ್ಟೆಯ ಮೇಲೆ ಬಹಳ ಹೊತ್ತು ಒಂದೇ ಕಡೆ ಇತ್ತು.

ಮೇ ತಿಂಗಳ ಒಂದು ಮಧ್ಯಾಹ್ನ ಪಂಚಪ್ಪ ಒಬ್ಬನೇ ಬಂದ. ರಜೆ ಹಾಕಿದ್ದನಂತೆ. ಚೀಲದಿಂದ ಮೀಟರು ತೆಗೆದು, ಕೆಂಪು ಕಪ್ಪು ತಂತಿ ಸಿಕ್ಕಿಸಿ ಚಾಪೆಯ ಮೇಲಿಟ್ಟ. ದಸ್ತಗೀರ್ ಮನೆಯಲ್ಲೇ ಇದ್ದ.

"ತಂಗಿ, ಬೋರ್ಡು ಕೊಡು. ಐಸಿ ಸುಟ್ಟಾವು, ಖರೆ. ಬೆಸುಗಿ ಸುಟ್ಟಿಲ್ಲಲ್ಲ. ಒಂದೊಂದಕ್ಕೂ ಮೀಟರ್ ಹಿಡೀತೀನಿ. ಹಿಡದಿದ್ರ ಕುಂಯ್ ಅಂತೈತಿ, ನೀನೂ ಕೇಳಬೌದು. ಆರ್ನೂರೂ ನೋಡಿ ಹೇಳ್ತೀನಿ, ನಿನ್ನ ಕೈಯಾಗ ತಪ್ಪಿತ್ತೋ ಇಲ್ಲೋ ಅಂತ."

ಬದರುನ್ನೀಸಾ ಎದ್ದಳು. ಟ್ರಂಕಿನವರೆಗೆ ಹೋದಳು. ದುಪಟ್ಟಾದ ಗಂಟಿನ ಮೇಲೆ ಕೈಯಿಟ್ಟು ನಿಂತಳು. ಅದನ್ನು ತಿಳಿಯುವುದು ಅವಳಿಗೆ ಎಷ್ಟು ಬೇಕಾಗಿತ್ತೋ, ಅದೆಲ್ಲ ಆ ಬೆರಳುಗಳಲ್ಲಿ ಕಾಣುತ್ತಿತ್ತು. ಆಮೇಲೆ ಬರಿಗೈಯಲ್ಲಿ ಬಂದು ಕೂತಳು.

"ನಕ್ಕೋ, ಅಣ್ಣಾ. ಬೇಡ."

"ಯಾಕ?"

"ಎಲ್ಲ ಸರಿಯಿದೆ ಅಂತ ಗೊತ್ತಾದ್ರೆ, ನಾನು ನಿಂಗಕ್ಕಂಗೆ ಹೇಳಿದ್ದು ಸುಳ್ಳಾಗತ್ತೆ. ದಿನಾ ಆ ಸುಳ್ಳು ಹೊತ್ಕೊಂಡು ನಮಾಜಿಗೆ ನಿಲ್ಬೇಕು. ಇಲ್ಲಾಂದ್ರೆ ಯಾವತ್ತೋ ಸಿಟ್ಟಲ್ಲಿ ಬಾಯಿಗೆ ಬಂದ್ಬಿಡತ್ತೆ, ನೀನೇ ಸುಟ್ಟಿದ್ದು ಅಂತ. ಗೊತ್ತಿಲ್ದಿದ್ರೆ... ಯಾವುದೋ ಒಂದು ಹಿಡಿದಿರ್ಲಿಲ್ವೇನೋ. ಇರ್ಬೋದಲ್ಲ. ಆಗ ಅದು ಸುಳ್ಳೂ ಅಲ್ಲ."

"ಹಂಗಾರ ನಾ ಒಬ್ಬನ ಮನಿಗೆ ಒಯ್ದು ನೋಡ್ತೀನಿ. ನಿನಗ ಹೇಳಂಗಿಲ್ಲ."

"ನಿಮ್ಮ ಮುಖ ನೋಡಿದ್ರೆ ಗೊತ್ತಾಗತ್ತೆ."

"ನಿನಗ ಕಾಣಂಗಿಲ್ಲಲ್ಲ ತಂಗಿ," ಎಂದವನೇ ಪಂಚಪ್ಪ ನಾಲಗೆ ಕಚ್ಚಿಕೊಂಡ.

ಅವಳು ನಕ್ಕಳು. ಆ ಮನೆಯಲ್ಲಿ ಯಾರಾದರೂ ನಕ್ಕು ಒಂದು ತಿಂಗಳಾಗಿತ್ತು. "ದನಿಯಲ್ಲೇ ಗೊತ್ತಾಗತ್ತಣ್ಣ. ನಿಮಗೆ ಸುಳ್ಳು ಹೇಳೋಕೆ ಎಲ್ಲಿ ಬರತ್ತೆ."

ಪಂಚಪ್ಪ ಮೀಟರಿನ ತಂತಿಗಳನ್ನು ಬೆರಳಿಗೆ ಸುತ್ತಿ ಸುತ್ತಿ ಚೀಲಕ್ಕೆ ಹಾಕಿದ. ಹೊರಡುವಾಗ, ಆ ಬೋರ್ಡಿನಲ್ಲಿ ಸುಡದ ಬಿಡಿಭಾಗಗಳಿದ್ದರೆ ಬಿಚ್ಚಿಡು, ಇನ್ನೊಂದಕ್ಕೆ ಬರುತ್ತವೆ ಎಂದ. ಏನಾದರೂ ಹೇಳಬೇಕಿತ್ತು, ಅದಕ್ಕೆ ಹೇಳಿದ.

ಅವಳು ಅದನ್ನೇ ಹಿಡಿದುಕೊಂಡಳು. ಬಿಚ್ಚಿಬಿಟ್ಟರೆ ಇನ್ನು ಯಾರೂ ಮೀಟರು ಹಿಡಿಯುವಂತಿಲ್ಲ. ಮರುದಿನ ಬೆಳಿಗ್ಗೆ ಅಂಗಳಕ್ಕೆ ಚಾಪೆ ಹಾಕಿಸಿ, ಕಿಟಕಿಯಿಂದ ತಂತಿ ಎಳೆಸಿ, ಬಜರು ಕೂರಿಸಿದಾಗ ಪಂಚಪ್ಪ ಬಿಟ್ಟುಹೋಗಿದ್ದ ಕಡ್ಡಿ ಕಾಯಲಿಟ್ಟಳು. ಆ ಹೊತ್ತಿಗೆ ಬೆಳಕು ಕತ್ತಲೆಗಳ ಹೊರತು ಅವಳಿಗೆ ಏನೂ ಕಾಣುತ್ತಿರಲಿಲ್ಲ. ದಸ್ತಗೀರ್ ಕೆಲಸಕ್ಕೆ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ನೋಡಿದ. ಅವಳು ಬೋರ್ಡನ್ನು ತೊಡೆಯ ಮೇಲೆ ಕವುಚಿ ಹಾಕಿಕೊಂಡು, ಎಡಗೈ ಬೆರಳಿಂದ ಬೆಸುಗೆ ಹುಡುಕಿ, ಅಲ್ಲಿಗೆ ಕಡ್ಡಿ ತಂದು, ಅಡಿಯಿಂದ ಬಿಡಿಭಾಗವನ್ನು ಮೆಲ್ಲಗೆ ಎಳೆಯುತ್ತಿದ್ದಳು.

ಹಿಡಿಯದ ಬೆಸುಗೆಯಾದರೆ ಕಡ್ಡಿ ತಾಗುವ ಮುಂಚೆಯೇ ಅಲುಗುತ್ತದೆ, ಹಲ್ಲು ಸಡಿಲವಾದಂತೆ. ಮೊದಲನೆಯದು ಅಲುಗಲಿಲ್ಲ. ಸೀಸ ಕರಗಿ ನೀರಾದ ಮೇಲೆಯೇ ಬಿಟ್ಟುಕೊಟ್ಟಿತು. ಎರಡನೆಯದೂ ಹಾಗೆಯೇ. ಮೂರು. ನಾಲ್ಕು. ಅವಳು ಬೇಗ ಬೇಗ ಮಾಡತೊಡಗಿದಳು, ಕೈಗೆ ಹೇಳಲು ಹೊತ್ತು ಕೊಡಬಾರದೆಂಬಂತೆ. ಆದರೆ ಕೈ ಹೇಳುತ್ತಲೇ ಹೋಯಿತು. ಇಪ್ಪತ್ತು, ಇಪ್ಪತ್ತೊಂದು. ಒಂದೂ ಅಲುಗಲಿಲ್ಲ.

"ಜೀ, ತಂತಿ ಕೀಳಿ," ಎಂದಳು. "ಸಾಕು. ಉಳಿದದ್ದು ಗೊತ್ತಾಗೋದು ಬೇಡ."

ದಸ್ತಗೀರ್ ಪ್ಲಗ್ಗು ಕಿತ್ತ. ಕಡ್ಡಿ ಆರುವವರೆಗೆ ಪಕ್ಕದಲ್ಲೇ ಕೂತ. ಅವಳು ಬೋರ್ಡನ್ನು ಅವನ ಕೈಗಿಟ್ಟು, ಇದನ್ನು ಮನೆಯಿಂದ ತೆಗೆದುಕೊಂಡು ಹೋಗಿ ಎಂದಳು. ಅವನು ಹಳೆಯ ಪೇಪರಿನಲ್ಲಿ ಸುತ್ತಿ, ಸೈಕಲ್ಲಿನ ಕ್ಯಾರಿಯರಿಗೆ ಸಿಕ್ಕಿಸಿಕೊಂಡು ಹೆಬ್ಬಾಳದ ಕಡೆಗೆ ಹೊರಟ. ಸಂಜೆ ಬಂದಾಗ ಕ್ಯಾರಿಯರ್ ಖಾಲಿಯಿತ್ತು.